ಅಟ್ಟದ ಮೇಲಿನ ಫ್ಯಾಂಟಮ್‌ಗೆ ಬೆಲೆ ಎಷ್ಟು?

ಹೋದ ಸಂಕ್ರಾಂತಿಗೆ ಅರಸೀಕೆರೆಯ ತಾತನ ಮನೆ ಖಾಲಿ ಮಾಡಬೇಕಿತ್ತು. ತಾತ ತೀರಿಕೊಂಡ ಮೇಲೆ ಅಜ್ಜಿ ಬೇಲೂರಿನಲ್ಲಿ ಚಿಕ್ಕಪ್ಪನ ಜೊತೆ ಇದ್ದಾರೆ. ಹಾಗಾಗಿ ಮನೆಯನ್ನ ಬಾಡಿಗೆಗೆ ಕೊಡೋದು ಅಂತ ತೀರ್ಮಾನ ಆಯ್ತು. ಸೆಮ್ ರಜೆಯಲ್ಲಿ ಬಿಟ್ಟಿ ಕೂತಿದ್ದವನು ನಾನೊಬ್ಬನೇ, ಅಟ್ಟದಿಂದ ಸಾಮಾನು ಇಳಿಸೋ ಕೆಲಸ ನನಗೇ ಬಂತು. ಹಿತ್ತಾಳೆ ಪಾತ್ರೆ, ಮುರಿದ ತೊಟ್ಟಿಲು, ಕೊನೆಗೆ ಒಂದು ತಗಡಿನ ಟ್ರಂಕು. ಮುಚ್ಚಳ ತೆಗೆದರೆ ಒಳಗೆ ಕಾಮಿಕ್ಸ್.

"ರದ್ದಿಯವನು ಕೆಳಗೇ ನಿಂತಿದ್ದಾನೆ, ಕೆಜಿಗೆ 15 ರೂಪಾಯಿ ಅಂತೆ. ಹಾಕಿಬಿಡೋ" ಅಂದರು ಅಪ್ಪ. ತೂಗಿದರೆ 11 ಕೆಜಿ. ಒಟ್ಟು 165 ರೂಪಾಯಿ.

ನಾನು ಹಾಕಲಿಲ್ಲ. ಪ್ರೀತಿಯಿಂದ ಅಂತ ಬರೆದರೆ ಸುಳ್ಳಾಗುತ್ತೆ, ನಿಜವಾದ ಕಾರಣ ದುರಾಸೆ. ಅದಕ್ಕೆ ಎರಡು ತಿಂಗಳ ಹಿಂದೆ, 2025ರ ನವೆಂಬರ್‌ನಲ್ಲಿ, ಒಂದು ಸುದ್ದಿ ಓದಿದ್ದೆ. ಅಮೆರಿಕದಲ್ಲಿ ಮೂವರು ಅಣ್ಣತಮ್ಮಂದಿರು ತೀರಿಹೋದ ಅಮ್ಮನ ಮನೆಯ ಅಟ್ಟದಲ್ಲಿ ಹಳೇ ಪೇಪರ್ ರಾಶಿಯ ಕೆಳಗೆ 1939ರ 'ಸೂಪರ್‌ಮ್ಯಾನ್' ಮೊದಲ ಸಂಚಿಕೆ ಕಂಡರು. ಹರಾಜಿನಲ್ಲಿ ಅದು 91 ಲಕ್ಷ ಡಾಲರ್‌ಗೂ ಮೇಲೆ ಹೋಯ್ತು. ನಮ್ಮ ಲೆಕ್ಕದಲ್ಲಿ 80 ಕೋಟಿ ರೂಪಾಯಿ ಆಸುಪಾಸು. ಅಲ್ಲೂ ಅಟ್ಟ, ಇಲ್ಲೂ ಅಟ್ಟ. ಟ್ರಂಕಿನ ಮೇಲೆ ಕೂತು ಎಜುಕೇಷನ್ ಲೋನ್ ತೀರಿಸೋ ಲೆಕ್ಕ ಹಾಕ್ತಾ ಇದ್ದೆ.

ಆ ಲೆಕ್ಕ ಯಾಕೆ ತಪ್ಪಾಯ್ತು ಅನ್ನೋದೇ ಈ ಲೇಖನ. ಹಳೇ ಕಾಮಿಕ್ಸ್‌ಗೆ ಬೆಲೆ ಹೇಗೆ ಹುಟ್ಟುತ್ತೆ, ಎಲ್ಲಿ ಸಾಯುತ್ತೆ, ನಮ್ಮ ಕನ್ನಡದ ಕಾಮಿಕ್ಸ್ ಆ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತೆ, ಇಷ್ಟು ಹೇಳ್ತೀನಿ.

ಟ್ರಂಕಿನಲ್ಲಿ ಏನಿತ್ತು?

ತಾತ ರೈಲ್ವೆಯಲ್ಲಿ ಕೆಲಸದಲ್ಲಿದ್ದರು. ಅರಸೀಕೆರೆ ಗೊತ್ತಲ್ಲ, ಬೆಂಗಳೂರು–ಹುಬ್ಬಳ್ಳಿ ಲೈನಿಗೆ ಹಾಸನ–ಮೈಸೂರು ಕಡೆಯ ಲೈನು ಬಂದು ಸೇರೋ ಜಂಕ್ಷನ್. ಸಣ್ಣ ಊರಾದರೂ ಸ್ಟೇಷನ್ ದೊಡ್ಡದು, ಅಲ್ಲಿ ಪುಸ್ತಕದ ಅಂಗಡಿ ಇತ್ತಂತೆ. 80ರ ದಶಕದಲ್ಲಿ ಡ್ಯೂಟಿ ಮುಗಿಸಿ ಬರುವಾಗ ತಾತ ಚಿಕ್ಕಪ್ಪನಿಗೆ ಅಂತ ಅಲ್ಲಿಂದ ಕಾಮಿಕ್ಸ್ ತರ್ತಾ ಇದ್ದರು.

ಟ್ರಂಕಿನಲ್ಲಿ ಮೂರು ಥರದ್ದು ಇತ್ತು. ಮೊದಲನೇದು ಇಂದ್ರಜಾಲ ಕಾಮಿಕ್ಸ್, ಕನ್ನಡದ್ದು. ಟೈಮ್ಸ್ ಆಫ್ ಇಂಡಿಯಾದ ಬೆನೆಟ್ ಕೋಲ್ಮನ್ ಕಂಪನಿ 1964ರ ಮಾರ್ಚ್‌ನಲ್ಲಿ ಶುರು ಮಾಡಿದ ಸರಣಿ ಇದು. ಶುರುವಿನಲ್ಲಿ ಬರೀ ಫ್ಯಾಂಟಮ್, ಆಮೇಲೆ ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್. 1976ರಲ್ಲಿ ಆಬಿದ್ ಸುರ್ತಿ ಅವರ ಬಹಾದೂರ್ ಬಂದ. ಅವನು ಚಂಬಲ್ ಕಡೆಯ ನಮ್ಮ ದೇಶದ ಹೀರೋ. 1990ರಲ್ಲಿ ಸರಣಿ ನಿಂತಿತು. ನಮ್ಮ ಮನೇಲಿ ಇವು ಬಿಡಿಬಿಡಿಯಾಗಿ ಇರಲಿಲ್ಲ, ಮೂರು ದಪ್ಪ ಸಂಪುಟಗಳಾಗಿ ಬೈಂಡ್ ಆಗಿದ್ದವು. ಒಟ್ಟು 56 ಸಂಚಿಕೆ.

ಎರಡನೇದು ಅಮರ ಚಿತ್ರ ಕಥೆ, ಇಂಗ್ಲಿಷಿನವು, ಬಿಡಿಯಾಗಿ 9. ಮೂರನೇದು ಒಂದು ಕಟ್ಟು ಬಾಲಮಂಗಳ. ಡಿಂಗ ಅನ್ನೋ ಸೂಪರ್ ಇಲಿ ನಿಮ್ಮ ಅಕ್ಕ ಅಣ್ಣಂದಿರಿಗೆ ಚೆನ್ನಾಗಿ ಗೊತ್ತಿರುತ್ತೆ, ಕೇಳಿ ನೋಡಿ.

ಇನ್ನೊಂದು ವಿಷಯ ಹೇಳಬೇಕು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಸ್ಕೂಲಲ್ಲಿ ಕನ್ನಡ ಅಂದ್ರೆ ಗೈಡ್ ಬಾಯಿಪಾಠ ಮಾಡೋದು ಅಷ್ಟೇ. ಬೇಸಿಗೆ ರಜೆಯಲ್ಲಿ ಈ ಸಂಪುಟಗಳನ್ನ ಓದಿಯೇ ನನಗೆ ಕನ್ನಡ ತಡವರಿಸದೆ ಓದೋಕೆ ಬಂದಿದ್ದು. ಒಂದು ಬಲೂನಿನಲ್ಲಿ ಆರೇಳು ಪದ, ಅರ್ಥ ಆಗದಿದ್ದರೆ ಪಕ್ಕದಲ್ಲೇ ಚಿತ್ರ. ಏಳನೇ ಕ್ಲಾಸ್ ಆದ ಮೇಲೆ ಫೋನ್ ಬಂತು, ಟ್ರಂಕು ಮರೆತೇ ಹೋಯ್ತು.

ಬೆಲೆ ಅನ್ನೋದು ಆಂಡ್ ಗೇಟ್

ಹಳೇದಾದ ಮಾತ್ರಕ್ಕೆ ಬೆಲೆ ಬರಲ್ಲ. ನನಗೆ ಅರ್ಥ ಆದಂತೆ ಇದು ಮೂರು ಇನ್‌ಪುಟ್ ಇರೋ ಆಂಡ್ ಗೇಟ್: ಪ್ರತಿಗಳು ವಿರಳವಾಗಿರಬೇಕು, ಸ್ಥಿತಿ ಚೆನ್ನಾಗಿರಬೇಕು, ಬೇಕು ಅನ್ನೋರು ಇರಬೇಕು. ಒಂದು ಸೊನ್ನೆ ಆದರೂ ಔಟ್‌ಪುಟ್ ಸೊನ್ನೆ.

ವಿರಳತೆ ಹೇಗೆ ಬರುತ್ತೆ? ಜನ ಎಸೆಯೋದ್ರಿಂದ. 1938–39ರಲ್ಲಿ ಸೂಪರ್‌ಮ್ಯಾನ್ ಕಾಮಿಕ್ಸ್ ಬೆಲೆ 10 ಸೆಂಟ್. ಮಕ್ಕಳು ಓದಿದರು, ಹರಿದರು, ಯುದ್ಧದ ಕಾಲದಲ್ಲಿ ಕಾಗದ ಸಂಗ್ರಹಕ್ಕೆ ಕೊಟ್ಟರು. ಅದಕ್ಕೇ ಉಳಿದ ಕೆಲವಕ್ಕೆ ಕೋಟಿಗಟ್ಟಲೆ ಬೆಲೆ. ಇದಕ್ಕೆ ಉಲ್ಟಾ ಉದಾಹರಣೆಯೂ ಸೂಪರ್‌ಮ್ಯಾನ್‌ನದ್ದೇ. 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಸಾಯೋ ಕತೆಯ 75ನೇ ಸಂಚಿಕೆ ಬಂತು, ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ಸೀಲ್ ಮಾಡಿ. ಮುಂದೆ ಬೆಲೆ ಬರುತ್ತೆ ಅಂತ ಜನ ನಾಲ್ಕು ನಾಲ್ಕು ಕೊಂಡು, ಕವರ್ ಒಡೆಯದೆ ಎತ್ತಿಟ್ಟರು. ಲಕ್ಷಾಂತರ ಪ್ರತಿ ಹಾಗೇ ಹೊಸದಾಗಿ ಉಳಿದುಬಿಟ್ಟವು. ಎಲ್ಲರ ಹತ್ತಿರವೂ ಇರೋ ವಸ್ತುವನ್ನ ಕೊಳ್ಳೋರು ಯಾರು? ಆ ದಶಕದ ಮಧ್ಯದಲ್ಲಿ ಗುಳ್ಳೆ ಒಡೆಯಿತು, 1996ರ ಕೊನೆಗೆ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಲಿಮಿಟೆಡ್ ಎಡಿಷನ್ ಸ್ನೀಕರ್ ಕೂಡಿಡೋ ನಮ್ಮ ಹಾಸ್ಟೆಲ್ ಗೆಳೆಯರು ಈ ಪ್ಯಾರಾ ಎರಡು ಸಲ ಓದಿ.

ಎರಡನೇದು ಸ್ಥಿತಿ. ಅಮೆರಿಕದಲ್ಲಿ 2000ನೇ ಇಸವಿಯಿಂದ ಸಿಜಿಸಿ ಅನ್ನೋ ಕಂಪನಿ ಕಾಮಿಕ್ಸ್‌ಗೆ ನಮ್ಮ ಜಿಪಿಎ ಥರ ಗ್ರೇಡ್ ಕೊಡುತ್ತೆ, 0.5ರಿಂದ 10ರವರೆಗೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಕೊಡ್ತಾರೆ. ಆ 80 ಕೋಟಿಯ ಪ್ರತಿಗೆ 9.0 ಸಿಕ್ಕಿತ್ತು. ಮುಖಪುಟ ಇದೆಯಾ, ಅಂಚು ಕತ್ತರಿಸಿದ್ದಾರಾ, ಪಿನ್ನು ತುಕ್ಕು ಹಿಡಿದಿದೆಯಾ, ಹೆಸರು ಬರೆದಿದ್ದಾರಾ, ಸೆಲ್ಲೋಟೇಪ್ ಹಚ್ಚಿದ್ದಾರಾ, ಎಲ್ಲಕ್ಕೂ ಮಾರ್ಕ್ಸ್ ಕಟ್.

ಮೂರನೇದು ಬೇಡಿಕೆ. ಅರಸೀಕೆರೆ, ತಿಪಟೂರು ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ. ಕೊಬ್ಬರಿ ಎಪಿಎಂಸಿಗೆ ಹೋಗುತ್ತೆ, ಟೆಂಡರ್ ಆಗುತ್ತೆ, ಕ್ವಿಂಟಲ್‌ಗೆ ಎಷ್ಟು ಅಂತ ಪೇಪರಿನಲ್ಲಿ ಬರುತ್ತೆ. ಹಾಗಾಗಿ ಮನೇಲಿ ಕೂತ ರೈತನಿಗೂ ತನ್ನ ಕೊಬ್ಬರಿಯ ಬೆಲೆ ಗೊತ್ತು. ಅಮೆರಿಕದ ಕಾಮಿಕ್ಸ್‌ಗೆ ಅಂಥ ಮಂಡಿ ಇದೆ. 1970ರಿಂದ ಓವರ್‌ಸ್ಟ್ರೀಟ್ ಅನ್ನೋ ಬೆಲೆಪಟ್ಟಿ ಬರ್ತಾ ಇದೆ, ಹರಾಜಿನಲ್ಲಿ ಯಾವುದು ಎಷ್ಟಕ್ಕೆ ಹೋಯ್ತು ಅಂತ ದಾಖಲೆ ಇದೆ. ನಮ್ಮ ಫ್ಯಾಂಟಮ್‌ಗೆ ಅಂಥ ಎಪಿಎಂಸಿ ಇಲ್ಲ. ಆನ್‌ಲೈನ್‌ನಲ್ಲಿ ಯಾರೋ 5,000 ಅಂತ ಹಾಕಿರ್ತಾರೆ. ಅದು ಕೇಳೋ ಬೆಲೆ, ಮಾರಿದ ಬೆಲೆ ಅಲ್ಲ. ನಾನೂ ನನ್ನ ಸೈಕಲ್‌ಗೆ ಲಕ್ಷ ರೂಪಾಯಿ ಅಂತ ಹಾಕಬಹುದು.

ಸಂಗ್ರಹಕಾರರು ಕೇಳಿದ ಮೂರು ಪ್ರಶ್ನೆ

ಸೀನಿಯರ್ ಒಬ್ಬರ ಮೂಲಕ ಬೆಂಗಳೂರಿನ ಒಬ್ಬ ಸಂಗ್ರಹಕಾರರ ನಂಬರ್ ಸಿಕ್ಕಿತು. ಅವರು ಭಾನುವಾರ ಬಂದರೆ ಅವೆನ್ಯೂ ರೋಡ್, ಚರ್ಚ್ ಸ್ಟ್ರೀಟ್ ಸುತ್ತೋ ಜಾತಿ. ಫೋಟೋ ಕಳಿಸಿದೆ. ಅವರು ಮೂರೇ ಪ್ರಶ್ನೆ ಕೇಳಿದರು.

"ಸಂಪುಟದ ಒಳಗೆ ಮುಖಪುಟಗಳು ಇದಾವಾ?" ನೋಡಿದೆ. ಬಹಳಷ್ಟಕ್ಕೆ ಇರಲಿಲ್ಲ. ಬೈಂಡ್ ಮಾಡಿದವನು ಹೊಲಿಗೆಗೆ ಅಡ್ಡ ಅಂತ ಮೇಲಿನ ಹಾಳೆ ಕಿತ್ತು ಹಾಕಿದ್ದ.

"ಅಂಚು ಕಟ್ ಮಾಡಿದ್ದಾರಾ?" ಮಾಡಿದ್ದಾರೆ, ಮೂರೂ ಕಡೆ. ಕೆಲವು ಪುಟಗಳಲ್ಲಿ ಬಲೂನಿನ ತುದಿಯೇ ಹೋಗಿದೆ.

"ಅಮರ ಚಿತ್ರ ಕಥೆ ಮೊದಲ ಮುದ್ರಣನಾ?" ಇದನ್ನ ಪತ್ತೆ ಮಾಡೋ ವಿಧಾನ ಅವರೇ ಹೇಳಿಕೊಟ್ಟರು. ಇಂದ್ರಜಾಲ ಪತ್ರಿಕೆಯ ಥರ ಬರ್ತಾ ಇತ್ತು, ಅದಕ್ಕೆ ಕಾಲ ತಿಳಿಯೋದು ಸುಲಭ. ಅಮರ ಚಿತ್ರ ಕಥೆ ಪುಸ್ತಕದ ಥರ ಮತ್ತೆ ಮತ್ತೆ ಅಚ್ಚಾಗಿದೆ. ಪುಸ್ತಕದಲ್ಲಿ ಕೊಟ್ಟಿರೋ ಇತರ ಪುಸ್ತಕಗಳ ಪಟ್ಟಿ ನೋಡಿ. ಅದರಲ್ಲಿ ಈ ಪುಸ್ತಕ ಬಂದು ಎಷ್ಟೋ ವರ್ಷದ ನಂತರದ ಹೆಸರುಗಳಿದ್ದರೆ ನಿಮ್ಮ ಕೈಲಿರೋದು ಮರುಮುದ್ರಣ. ನಮ್ಮ ಒಂಬತ್ತೂ ಹಾಗೇ.

ಅವರು ಹೇಳಿದ ಬೆಲೆ: ಮೂರು ಸಂಪುಟಕ್ಕೆ ಸೇರಿ 1,200, ಅಮರ ಚಿತ್ರ ಕಥೆಗೆ ಒಂದಕ್ಕೆ 50ರಂತೆ 450. ಬಾಲಮಂಗಳ ಬೇಡ. ಒಟ್ಟು 1,650. ರದ್ದಿಯ ಸರಿಯಾಗಿ ಹತ್ತು ಪಟ್ಟು ಅಂತ ಸಮಾಧಾನ ಮಾಡಿಕೊಳ್ಳಬಹುದು. ಲೋನ್ ಮಾತ್ರ ತೀರಲ್ಲ.

1ರಿಂದ 10 ಎಲ್ಲಿ ಹೋದವು?

ಮಾತಿನ ಮಧ್ಯೆ ಅವರು ಹೇಳಿದ ಒಂದು ವಿಷಯ ನನ್ನ ತಲೇಲಿ ಕೂತಿದೆ. ಅಮರ ಚಿತ್ರ ಕಥೆಯ ಹಳೇ ಇಂಗ್ಲಿಷ್ ಸರಣಿ 11ನೇ ನಂಬರಿನಿಂದ ಶುರುವಾಗುತ್ತೆ. 11ನೇದು 'ಕೃಷ್ಣ', ಚಿತ್ರ ರಾಮ್ ವಾಯಿರ್ಕರ್ ಅವರದ್ದು. ಹಾಗಾದ್ರೆ 1ರಿಂದ 10?

ಅವು ಕನ್ನಡದವು! 1965ರಲ್ಲಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅಮರ ಚಿತ್ರ ಕಥೆ ಮೊದಲು ಕನ್ನಡದಲ್ಲಿ ಬಂತು. ಕತೆಗಳು ನಮ್ಮ ಪುರಾಣದ್ದಲ್ಲ, ಸಿಂಡ್ರೆಲಾ ಥರದ ಪಾಶ್ಚಾತ್ಯ ಮಕ್ಕಳ ಕತೆಗಳು. ಅವು ಚೆನ್ನಾಗಿ ಮಾರಾಟ ಆದವು. ಆಮೇಲೆ ಮುಂಬೈನಲ್ಲಿ ಅನಂತ ಪೈ ಸಂಪಾದಕರಾಗಿ ಪುರಾಣ, ಇತಿಹಾಸದ ಕಡೆ ಸರಣಿಯನ್ನ ತಿರುಗಿಸಿದರು. ಅವರೂ ನಮ್ಮ ಕಾರ್ಕಳದಲ್ಲಿ ಹುಟ್ಟಿದವರೇ. ಅದಕ್ಕೂ ಮೊದಲು ಇಂದ್ರಜಾಲ ಶುರುವಾದಾಗ ಟೈಮ್ಸ್‌ನಲ್ಲಿ ಆ ಕೆಲಸದಲ್ಲೂ ಇದ್ದವರು.

ದೇಶದ ಇಷ್ಟು ದೊಡ್ಡ ಕಾಮಿಕ್ಸ್ ಸರಣಿಯ ಮೊದಲ ಹತ್ತು ಪುಸ್ತಕ ಕನ್ನಡದಲ್ಲಿ ಬಂದಿದ್ದವು. ನಾನು ಇದುವರೆಗೆ ಅದರಲ್ಲಿ ಒಂದನ್ನೂ ಕೈಯಲ್ಲಿ ಹಿಡಿದಿಲ್ಲ, ಆ ಸಂಗ್ರಹಕಾರರೂ ಹಿಡಿದಿಲ್ಲ. ಆಂಡ್ ಗೇಟಿನ ಮೊದಲ ಇನ್‌ಪುಟ್ ಇಲ್ಲಿ ಜೋರಾಗೇ ಒಂದು. ಮೂರನೇದು? "ಇಂಗ್ಲಿಷ್ ಪ್ರತಿ ಕೇಳೋರು ದೇಶ ಎಲ್ಲಾ ಇದ್ದಾರೆ, ಹೊರದೇಶದಲ್ಲೂ ಇದ್ದಾರೆ. ಕನ್ನಡದ್ದು ಕೇಳೋರು ನಾವು ನಾಲ್ಕು ಜನ" ಅಂದರು ಅವರು. ಕೇಳೋರಿಲ್ಲದಿದ್ದರೆ ಬೆಲೆ ಇಲ್ಲ. ಬೆಲೆ ಇಲ್ಲದಿದ್ದರೆ ಯಾರೂ ಎತ್ತಿಡಲ್ಲ. ಟ್ರಂಕು ಸೀದಾ ತಕ್ಕಡಿಗೆ.

ಬೇಲೂರಿನಲ್ಲಿ ಚಿಕ್ಕಪ್ಪ

ಟ್ರಂಕಿನ ಜೊತೆ ಬೇಲೂರಿಗೆ ಹೋದೆ. ಊಟ ಆದ ಮೇಲೆ ಚಿಕ್ಕಪ್ಪನಿಗೆ ಗ್ರೇಡಿಂಗ್, ಸಿಜಿಸಿ ಎಲ್ಲಾ ವಿವರಿಸಿ, ಕೊನೆಗೆ ಅಂದುಬಿಟ್ಟೆ: "ಬೈಂಡ್ ಮಾಡಿಸಿದ್ದೇ ತಪ್ಪಾಯ್ತು ಚಿಕ್ಕಪ್ಪ. ಬಿಡಿಯಾಗಿ ಇಟ್ಟಿದ್ದರೆ ಇವತ್ತು ಒಳ್ಳೇ ದುಡ್ಡು."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊದಲನೇ ಸಂಪುಟ ತೆಗೆದು, ಮುಂದಿನ ಖಾಲಿ ಹಾಳೆ ತಿರುಗಿಸಿ ನನ್ನ ಮುಂದೆ ಇಟ್ಟರು. ನಾನು ಅಷ್ಟು ಬೇಸಿಗೆ ಅದನ್ನ ಓದಿದ್ದರೂ ಆ ಹಾಳೆ ಯಾವತ್ತೂ ನೋಡಿರಲಿಲ್ಲ, ನೇರ ಫ್ಯಾಂಟಮ್‌ಗೆ ಹಾರ್ತಾ ಇದ್ದೆ. ಅದರ ತುಂಬ ತಾತನ ಅಕ್ಷರ. ರೈಲ್ವೆ ರಿಜಿಸ್ಟರ್ ಥರ ಗೆರೆ ಎಳೆದು: ಕ್ರಮ ಸಂಖ್ಯೆ, ಸಂಚಿಕೆ ಸಂಖ್ಯೆ, ಕತೆಯ ಹೆಸರು, ತಂದ ದಿನಾಂಕ, ಬೆಲೆ, ಷರಾ. ಒಟ್ಟು 71 ಸಾಲು. ಷರಾ ಕಾಲಂನಲ್ಲಿ ಒಂದು ಕಡೆ "ಸಣ್ಣವನಿಗೆ ಜ್ವರ, ಆಸ್ಪತ್ರೆಯಿಂದ ಬರುವಾಗ ತಂದದ್ದು". 15 ಸಾಲುಗಳ ಮುಂದೆ "ಓದಲು ಕೊಟ್ಟಿದೆ, ಬಂದಿಲ್ಲ".

71ರಲ್ಲಿ 15 ಕಳೆದರೆ 56. ಲೆಕ್ಕ ಸರಿಹೋಯ್ತು.

"ಬೀದಿಯ ಹುಡುಗರೆಲ್ಲ ಒಂದೊಂದೇ ತಗೊಂಡು ಹೋಗೋರು, ವಾಪಸ್ ಬರ್ತಾ ಇರಲಿಲ್ಲ" ಅಂದರು ಚಿಕ್ಕಪ್ಪ. "ಒಂದಿನ ನಾನು ಅತ್ತೆ. ಮಾರನೇ ದಿನ ಅಪ್ಪ ಉಳಿದಿದ್ದನ್ನೆಲ್ಲ ಬೈಂಡಿಂಗಿಗೆ ಕೊಟ್ಟು ಬಂದ್ರು. ಇಷ್ಟು ದಪ್ಪ ಪುಸ್ತಕ ಯಾರೂ ಚಡ್ಡಿ ಜೇಬಲ್ಲಿ ಇಟ್ಕೊಂಡು ಹೋಗಲ್ವಲ್ಲ. ಬೈಂಡ್ ಮಾಡಿಸದೇ ಇದ್ದಿದ್ರೆ ಇವತ್ತು ನಿನಗೆ ಬೆಲೆ ಕೇಳೋಕೆ ಏನಿರ್ತಿತ್ತು ಮಗಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಮಾರುಕಟ್ಟೆ ಲೆಕ್ಕದಲ್ಲಿ ಬೈಂಡಿಂಗ್ ಒಂದು ದೋಷ, ತಾತನ ಅಕ್ಷರ ಇನ್ನೊಂದು ದೋಷ. ಆ ಎರಡು ದೋಷದಿಂದಲೇ 56 ಉಳಿದಿದ್ದು. ದೋಷ ಇಲ್ಲದ 15 ಎಲ್ಲಿ ಹೋದವೋ!

ರಾತ್ರಿ ಆ ಹಾಳೆಯ ಫೋಟೋ ಸಂಗ್ರಹಕಾರರಿಗೆ ಕಳಿಸಿದೆ. ಅದುವರೆಗೆ ಒಂದೊಂದೇ ಸಾಲಿನಲ್ಲಿ ಉತ್ತರ ಕೊಡ್ತಾ ಇದ್ದವರು ಸೀದಾ ಫೋನ್ ಮಾಡಿದರು. "ಪುಸ್ತಕ ನೀವೇ ಇಟ್ಕೊಳ್ಳಿ, ಈ ಹಾಳೆ ಕ್ಲಿಯರಾಗಿ ಇನ್ನೊಂದು ಸಲ ಕಳಿಸ್ತೀರಾ?" ಅವರ ಹತ್ತಿರ ಕನ್ನಡ ಸಂಚಿಕೆಗಳ ಒಂದು ಪಟ್ಟಿ ಇದೆ, ಅದರಲ್ಲಿ ಖಾಲಿ ಜಾಗಗಳೂ ಇವೆ. ಯಾವ ಕತೆ ಕನ್ನಡದಲ್ಲಿ ಯಾವ ಹೆಸರಲ್ಲಿ ಬಂತು ಅಂತ ತಾತನ ಪಟ್ಟಿಯಿಂದ ಕೆಲವು ತುಂಬಿದವು.

ಇಂಗ್ಲಿಷಿನ ಇಂದ್ರಜಾಲಕ್ಕೆ ಈ ಕೆಲಸ ಆಗಲೇ ಆಗಿದೆ. ಸಂಖ್ಯೆಗಳು 805ರವರೆಗೆ ಹೋದರೂ ಬಂದಿದ್ದು 803, ಮುಷ್ಕರದಿಂದಾಗಿ 123 ಮತ್ತು 124 ಪ್ರಕಟವೇ ಆಗಲಿಲ್ಲ ಅನ್ನೋ ಮಟ್ಟದ ವಿವರ ಅಭಿಮಾನಿಗಳ ಹತ್ತಿರ ಇದೆ. ಇಂಥ ಪಟ್ಟಿ ಇದ್ದಾಗಲೇ 'ನನಗೆ ಈ ಒಂದು ನಂಬರ್ ಬೇಕು' ಅಂತ ಹುಡುಕೋರು ಹುಟ್ಟೋದು. ಬೆಲೆ ಆಮೇಲೆ ಬರುತ್ತೆ.

ಹಳೇಬೀಡಿನಲ್ಲಿ ಅರ್ಧ ಗಂಟೆ

ವಾಪಸ್ ಬರುವಾಗ ಚಿಕ್ಕಪ್ಪ ಬೈಕಿನಲ್ಲಿ ಹಳೇಬೀಡಿನವರೆಗೆ ಬಿಟ್ಟರು. ಬಸ್ಸಿಗೆ ಟೈಮಿತ್ತು, ಹೊಯ್ಸಳೇಶ್ವರಕ್ಕೆ ಹೋದೆವು. 1121ರಲ್ಲಿ ಕೆಲಸ ಶುರುವಾದ ಗುಡಿ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಗೋಡೆಯಲ್ಲಿ ರಾಮಾಯಣ, ಮಹಾಭಾರತದ ದೃಶ್ಯಗಳು ಒಂದರ ಪಕ್ಕ ಒಂದು ಪಟ್ಟಿಯಾಗಿ ಸಾಗುತ್ತವೆ. ಹೊಯ್ಸಳ ಗುಡಿಗಳಲ್ಲಿ ಸಾಮಾನ್ಯವಾಗಿ ಕತೆ ಹೋಗೋದು ಪ್ರದಕ್ಷಿಣೆಯ ದಿಕ್ಕಿನಲ್ಲಿ. ಗೋಡೆಗೆ ಮುಖ ಮಾಡಿ ನಿಂತರೆ ಮುಂದಿನ ದೃಶ್ಯ ನಿಮ್ಮ ಎಡಕ್ಕೆ ಇರುತ್ತೆ, ಜಪಾನಿನ ಮಾಂಗಾ ಓದೋ ಥರ.

ನನಗೆ ಹೊಳೆದಿದ್ದು ಬೇರೆ. ಹೊಯ್ಸಳ ಶಿಲ್ಪಿಗಳು ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಅದಕ್ಕೇ ಬೇಲೂರಿನ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವತ್ತಿಗೂ ನಮಗೆ ಗೊತ್ತು. ನನಗೆ ಕನ್ನಡ ಓದೋಕೆ ಕಲಿಸಿದ ಫ್ಯಾಂಟಮ್‌ಗೆ ಕನ್ನಡದಲ್ಲಿ ಮಾತು ಬರೆದವರು ಯಾರು? ಮೂರು ಸಂಪುಟ ತಿರುಗಿಸಿದೆ. ಒಂದು ಹೆಸರೂ ಸಿಗಲಿಲ್ಲ. ಬಹುಶಃ ಕಿತ್ತು ಹಾಕಿದ ಆ ಮುಖಪುಟಗಳ ಒಳಗಡೆ ಇತ್ತೇನೋ.

ನಿಮ್ಮ ಅಟ್ಟದಲ್ಲೂ ಇದ್ದರೆ

ಮೊದಲು ಅಟ್ಟದಿಂದ ಇಳಿಸಿ. ಈ ಕಾಮಿಕ್ಸ್‌ನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಜಾಸ್ತಿ. ಗಾಳಿ, ಬೆಳಕು ತಾಗಿ ಅದು ಆಕ್ಸಿಡೈಸ್ ಆದಾಗ ಹಾಳೆ ಹಳದಿ ಆಗುತ್ತೆ, ಆಸಿಡ್ ಹುಟ್ಟುತ್ತೆ, ಆ ಆಸಿಡ್ ಸೆಲ್ಯುಲೋಸ್ ಸರಪಳಿಯನ್ನ ತುಂಡು ಮಾಡುತ್ತೆ. ಹಾಳೆ ಹಪ್ಪಳದ ಥರ ಮುರಿಯೋದು ಅದಕ್ಕೆ. ಫಸ್ಟ್ ಇಯರ್ ಕೆಮಿಸ್ಟ್ರಿಯ ಅರ್ಹೀನಿಯಸ್ ನೆನಪಿದ್ದರೆ, ತಾಪಮಾನ ಏರಿದಷ್ಟೂ ಈ ಕ್ರಿಯೆ ಜೋರು. ಬಿಸಿಲಿಗೆ ಕಾದ ಹೆಂಚಿನ ಕೆಳಗಿನ ಅಟ್ಟ ಅಂದ್ರೆ ಪುಸ್ತಕಕ್ಕೆ ಒಲೆ.

ತೇವ ಇಲ್ಲದ ರೂಮಿನ ಬೀರು ಒಳ್ಳೇದು. ಗೋಡೆಗೆ ತಾಗಿಸಬೇಡಿ, ಗೆದ್ದಲು ಬರುತ್ತೆ. ಸೆಲ್ಲೋಟೇಪ್ ಬೇಡ, ಅದರ ಅಂಟು ಕಂದು ಕಲೆ ಬಿಡುತ್ತೆ. ಲ್ಯಾಮಿನೇಷನ್ ಬೇಡವೇ ಬೇಡ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್ ಆಗುತ್ತೆ, ಪಿವಿಸಿ ಬೇಡ. ಬಿಡಿ ಸಂಚಿಕೆ ಇದ್ದರೆ ಈಗ ಬೈಂಡ್ ಮಾಡಿಸಬೇಡಿ, ಆಗಲೇ ಬೈಂಡ್ ಆಗಿದ್ದರೆ ಬಿಚ್ಚೋಕೆ ಹೋಗಬೇಡಿ. ಮಾರೋದಾದರೆ ಮಾರಿದ ಬೆಲೆಗಳನ್ನ ಕೇಳಿ ತಿಳ್ಕೊಳ್ಳಿ. ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕಬೇಡಿ, ಕಾಪಿರೈಟ್ ಇದೆ.

ಎಲ್ಲಕ್ಕಿಂತ ಮುಂಚೆ ಒಂದು ಕೆಲಸ. ರದ್ದಿಗೆ ಹಾಕೋದೇ ಆದರೂ ಸರಿ, ಸಂಚಿಕೆ ಸಂಖ್ಯೆ, ಹೆಸರು, ತಾರೀಕು, ಬೆಲೆ, ಒಳಗೆ ಯಾರ ಹೆಸರಿದೆ, ಇಷ್ಟನ್ನ ಬರೆದುಕೊಂಡು ಮುಖಪುಟದ ಒಂದು ಫೋಟೋ ತೆಗೆಯಿರಿ. ಒಂದಕ್ಕೆ ಎರಡು ನಿಮಿಷ ಸಾಕು.

ನಾನು ಅಮರ ಚಿತ್ರ ಕಥೆ ಒಂಬತ್ತನ್ನ 450ಕ್ಕೆ ಕೊಟ್ಟೆ, ಆ ದುಡ್ಡಲ್ಲಿ ಕವರ್‌ಗಳನ್ನ ತಂದೆ. ಮೂರು ಸಂಪುಟ ಈಗ ಬೇಲೂರಿನಲ್ಲಿ ಚಿಕ್ಕಪ್ಪನ ಬೀರುವಿನಲ್ಲಿ ಬಟ್ಟೆಗಳ ಪಕ್ಕದಲ್ಲಿವೆ. ತಾತನ 71 ಸಾಲುಗಳನ್ನ ಷರಾ ಸಮೇತ ಒಂದು ಸ್ಪ್ರೆಡ್‌ಶೀಟಿಗೆ ಹತ್ತಿಸಿದ್ದೇನೆ. ನಮ್ಮ ಕ್ಲಬ್‌ನಲ್ಲಿ ಹಾಸನ, ತುಮಕೂರು, ಶಿವಮೊಗ್ಗ ಕಡೆಯವರು ಬಹಳ ಜನ ಇದ್ದೀರಿ. ಈ ಸಲ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ, ಸಿಕ್ಕಿದ್ದನ್ನ ಬರೆದು ತನ್ನಿ. 72ನೇ ಸಾಲು ಖಾಲಿ ಇದೆ.

ಅರಸೀಕೆರೆಯವರು ಯಾರಾದರೂ ಇದ್ದರೆ ಇನ್ನೊಂದು ವಿಷಯ. ನಿಮ್ಮ ಅಪ್ಪನೋ ಮಾವನೋ 80ರ ದಶಕದಲ್ಲಿ ಒಂದು ಫ್ಯಾಂಟಮ್ ಓದೋಕೆ ತಗೊಂಡು ವಾಪಸ್ ಕೊಡದೇ ಇದ್ದರೆ, ದಯವಿಟ್ಟು ಕೇಳಿ ನೋಡಿ. 15 ಬರೋದು ಬಾಕಿ ಇದೆ.